ಸ್ಪೀಕರ್ ಕೇಬಲ್ ಮೇಲಿನ ಬಾಣ ಯಾವ ಕಡೆಗಿರಬೇಕು?

ಬಾಣದ ಮೊನೆ ಆಂಪ್ಲಿಫೈಯರ್ ಕಡೆಗೋ ಸ್ಪೀಕರ್ ಕಡೆಗೋ ಅಂತ ಕೇಳಿದರೆ, ಮಾಮೂಲಿ ತಾಮ್ರದ ಸ್ಪೀಕರ್ ಕೇಬಲ್‌ಗೆ ಎರಡೂ ಒಂದೇ. ಹೇಗೆ ಹಾಕಿದರೂ ಸದ್ದು ಬದಲಾಗುವುದಿಲ್ಲ. ಅದೇ ಕೇಬಲ್‌ನ ಪ್ಲಸ್ ಮೈನಸ್ ಅದಲುಬದಲಾದರೆ ಮಾತ್ರ ಕೇಳುವುದರಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ.

ದಿಕ್ಕಿದೆ ಎನ್ನುವವರ ವಾದ ಇದು: ತಂತಿಯನ್ನು ಅಚ್ಚಿನ ರಂಧ್ರದಿಂದ ಎಳೆದು ತೆಳ್ಳಗೆ ಮಾಡುವಾಗ ತಾಮ್ರದ ಹರಳುಗಳು ಒಂದು ಕಡೆಗೆ ವಾಲುತ್ತವೆ, ಆದ್ದರಿಂದ ಸಿಗ್ನಲ್ ಆ ಕಡೆಗೇ ಸಲೀಸಾಗಿ ಹರಿಯುತ್ತದೆ. ಎಳೆದಾಗ ಹರಳುಗಳು ಉದ್ದವಾಗುವುದು ನಿಜ. ಆದರೆ ಸ್ಪೀಕರ್‌ಗೆ ಹೋಗುವುದು ಎಸಿ, ಅಂದರೆ ಹಿಂದೆ ಮುಂದೆ ದಿಕ್ಕು ಬದಲಿಸುತ್ತಿರುವ ಕರೆಂಟು. 1 ಕಿಲೋಹರ್ಟ್ಸ್ ಸ್ವರಕ್ಕೆ ಕರೆಂಟು ಸೆಕೆಂಡಿಗೆ 2,000 ಸಲ ದಿಕ್ಕು ತಿರುಗಿಸುತ್ತದೆ. 2.5 ಚದರ ಮಿ.ಮೀ. ತಂತಿಯಲ್ಲಿ 1 ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಸಾಗುವ ವೇಗ ಸೆಕೆಂಡಿಗೆ ಸುಮಾರು 0.03 ಮಿ.ಮೀ. ಅಷ್ಟೇ. ವಾಪಸ್ ತಿರುಗುವ ಹೊತ್ತಿಗೆ ಅವು ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು ಸರಿದಿರುತ್ತವೆ. ಅಂದರೆ ಇದ್ದಲ್ಲೇ ತೂಗಾಡುತ್ತವೆ.

ಇದಕ್ಕಿಂತ ಗಟ್ಟಿಯಾದ ಉತ್ತರ ಕೇಬಲ್ ಒಳಗೇ ಇದೆ. ಅದರಲ್ಲಿರುವುದು ಎರಡು ತಂತಿ. ಒಂದರಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ವಾಪಸ್ ಬರಬೇಕು. ಎರಡನ್ನೂ ಒಂದೇ ದಿಕ್ಕಿಗೆ ಎಳೆದು ಜೋಡಿಸಿದ್ದರೆ, ಯಾವ ಕ್ಷಣದಲ್ಲಿ ನೋಡಿದರೂ ಒಂದರಲ್ಲಿ ಕರೆಂಟು ಹರಳಿನ ಜೊತೆಗೆ, ಇನ್ನೊಂದರಲ್ಲಿ ಹರಳಿಗೆ ಎದುರಾಗಿ ಹರಿಯುತ್ತಿರುತ್ತದೆ. ಕೇಬಲ್ ತಿರುಗಿಸಿ ಹಾಕಿದರೂ ಅದೇ ಲೆಕ್ಕ. ಇಷ್ಟಾಗಿಯೂ ತಂತಿ ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ಹರಿಸುತ್ತದೆ ಅಂದರೆ ಅದು ಡಯೋಡ್‌ನಂತೆ (ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ) ಕೆಲಸ ಮಾಡುತ್ತಿದೆ ಎಂದರ್ಥ. ಆಗ 1 ಕಿಲೋಹರ್ಟ್ಸ್ ಕಳಿಸಿದಾಗ ತಂತಿಯೇ 2 ಕಿಲೋಹರ್ಟ್ಸ್ ಹುಟ್ಟಿಸಬೇಕು. ತಾಮ್ರದ ತಂತಿ ಹಾಗೆ ಮಾಡುವುದಿಲ್ಲ.

ಹಾಗಾದರೆ ತಿರುಗಿಸಿ ಹಾಕಿದಾಗ ಸದ್ದು ಬದಲಾದಂತೆ ಕೇಳುವುದೇಕೆ? ಪ್ಲಗ್ ಬಿಚ್ಚಿ ಹಾಕುವಾಗ ಟರ್ಮಿನಲ್ ಮೇಲಿನ ಆಕ್ಸೈಡ್ ಉಜ್ಜಿ ಹೋಗಿ ಸಂಪರ್ಕ ಸುಧಾರಿಸಬಹುದು. ಎದ್ದು ಬಂದು ಮತ್ತೆ ಕೂತಾಗ ತಲೆ ಒಂದು ಗೇಣು ಅತ್ತಿತ್ತ ಆದರೂ ಕೋಣೆಯ ಪ್ರತಿಫಲನಗಳಿಂದ ಮೇಲಿನ ಸ್ವರಗಳು ಬೇರೆಯಾಗಿ ಕೇಳಿಸುತ್ತವೆ. ಅನುಮಾನವಿದ್ದರೆ ಪರೀಕ್ಷೆ ಮಾಡಿ: ಇನ್ನೊಬ್ಬರು ನಾಣ್ಯ ಚಿಮ್ಮಿ, ಪ್ರತಿ ಸಲವೂ ಕೇಬಲ್ ಬಿಚ್ಚಬೇಕು. ನಾಣ್ಯ ಹೇಳಿದಂತೆ ಹಿಂದಿನ ಹಾಗೇ ಅಥವಾ ತಿರುಗಿಸಿ ಹಾಕಬೇಕು. ವಾಲ್ಯೂಮ್ ಮುಟ್ಟಬಾರದು, ಕೇಳುವವರಿಗೆ ಏನೂ ಕಾಣಿಸಬಾರದು. ಹಿಂದಿನ ಹಾಗೇ ಇದೆಯೋ ತಿರುಗಿದೆಯೋ ಎಂದು ಅವರು ಹೇಳಬೇಕು. 16 ಸಲದಲ್ಲಿ 12 ಅಥವಾ ಹೆಚ್ಚು ಸರಿಯಾದರೆ ಗಮನಿಸಬೇಕಾದ ಫಲಿತಾಂಶ. ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ ಶೇ. 4ರಷ್ಟಿದೆ.

ಬಾಣಕ್ಕೆ ನಿಜಕ್ಕೂ ಅರ್ಥವಿರುವ ಕೇಬಲ್‌ಗಳೂ ಇವೆ. ಪ್ಲೇಯರ್‌ನಿಂದ ಆಂಪ್‌ಗೆ ಸಿಗ್ನಲ್ ಒಯ್ಯುವ ಕೆಲವು ಆರ್‌ಸಿಎ ಕೇಬಲ್‌ಗಳಲ್ಲಿ ಹೊರಗಿನ ಶೀಲ್ಡ್ (ಗದ್ದಲ ತಡೆಯುವ ಲೋಹದ ಹೊದಿಕೆ) ಒಂದೇ ತುದಿಯಲ್ಲಿ ಗ್ರೌಂಡ್‌ಗೆ ಸೇರಿರುತ್ತದೆ. ಸಾಮಾನ್ಯವಾಗಿ ಆ ತುದಿ ಪ್ಲೇಯರ್ ಕಡೆಗಿರಬೇಕು, ಬಾಣ ಸಿಗ್ನಲ್ ಹೋಗುವ ಕಡೆ ತೋರಿಸುತ್ತದೆ. ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಅನ್ನು ತಿರುಗಿಸಿ ಹಾಕಿದರೆ ಚಿತ್ರವೇ ಬರುವುದಿಲ್ಲ.

ಇನ್ನು ಪ್ಲಸ್ ಮೈನಸ್. ಒಂದು ಸ್ಪೀಕರ್‌ನಲ್ಲಿ ಮಾತ್ರ ಇದು ಅದಲುಬದಲಾದರೆ ಬೇಸ್ ಸೊರಗುತ್ತದೆ, ನಡುವಿನಿಂದ ಕೇಳಬೇಕಾದ ಹಾಡುಗಾರರ ದನಿ ಎಲ್ಲಿಂದಲೋ ಬಂದಂತಾಗುತ್ತದೆ. ಎರಡರಲ್ಲೂ ಅದಲುಬದಲಾದರೆ ಜೋಡಿಯಲ್ಲಿ ಗೊತ್ತಾಗದು, ಆದರೆ ಸಬ್‌ವೂಫರ್ ಜೊತೆಗಿನ ಕ್ರಾಸ್‌ಓವರ್ (ಸದ್ದು ಸಬ್‌ವೂಫರ್ ಮತ್ತು ಸ್ಪೀಕರ್ ನಡುವೆ ಹಂಚಿಹೋಗುವ ಜಾಗ) ಸುತ್ತ, ಅಂದರೆ ಹೆಚ್ಚಾಗಿ 80 ಹರ್ಟ್ಸ್ ಆಸುಪಾಸಿನಲ್ಲಿ, ತಗ್ಗು ಬೀಳಬಹುದು. ಕೇಬಲ್‌ನ ಒಂದು ತಂತಿಯ ಮೇಲೆ ಗೆರೆ, ಅಕ್ಷರ ಅಥವಾ ಉಬ್ಬಿದ ಏಣು ಇರುತ್ತದೆ. ಅದನ್ನು ಎಲ್ಲ ಕಡೆಯೂ ಪ್ಲಸ್‌ಗೇ ಹಾಕಿ. ಗೋಡೆಯೊಳಗೆ ಹೋದ ಕೇಬಲ್ ಆದರೆ ಆಂಪ್ ಆಫ್ ಮಾಡಿ, ಆಂಪ್ ಕಡೆಯ ತುದಿ ಬಿಚ್ಚಿ, 1.5 ವೋಲ್ಟ್ ಸೆಲ್ ಅನ್ನು ಒಂದು ಕ್ಷಣ ತಾಗಿಸಿ. ಸೆಲ್‌ನ ಪ್ಲಸ್ ಕೇಬಲ್‌ನ ಪ್ಲಸ್‌ಗೆ ತಾಗಿದಾಗ ವೂಫರ್ ಕೋನ್ ಹೊರಗೆ ಬರಬೇಕು. ಕೆಲವು ಹಳೆಯ ಸ್ಪೀಕರ್‌ಗಳಲ್ಲಿ ಒಳಗೆ ಹೋಗುತ್ತದೆ. ಎರಡೂ ಸ್ಪೀಕರ್‌ಗಳ ಕೋನ್ ಒಂದೇ ರೀತಿ ಚಲಿಸಿದರೆ ಸಾಕು. ಒಳಗೇ ಆಂಪ್ ಇರುವ ಸ್ಪೀಕರ್‌ಗೆ ಈ ಪರೀಕ್ಷೆ ಬೇಡ.

ದಪ್ಪದ ಲೆಕ್ಕ ಸುಲಭ: ಕೇಬಲ್‌ನ ಹೋಗಿಬರುವ ಒಟ್ಟು ರೋಧ ಸ್ಪೀಕರ್ ಇಂಪೀಡೆನ್ಸ್‌ನ (ಸ್ಪೀಕರ್ ಮೇಲೆ ಓಮ್‌ನಲ್ಲಿ ಬರೆದಿರುವ ಅಂಕಿ) ಶೇ. 5 ದಾಟಬಾರದು. 5 ಮೀಟರ್ ದೂರಕ್ಕೆ 0.75 ಚದರ ಮಿ.ಮೀ. ತಂತಿ ಸುಮಾರು 0.23 ಓಮ್ ಕೊಡುತ್ತದೆ, 2.5 ಚದರ ಮಿ.ಮೀ. ಆದರೆ 0.07. 8 ಓಮ್ ಸ್ಪೀಕರ್‌ಗೆ ಮೊದಲನೆಯದೂ ನಡೆಯುತ್ತದೆ, 4 ಓಮ್‌ಗೆ ಸಾಲದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯ ರೋಧ ಸುಮಾರು ಒಂದೂವರೆ ಪಟ್ಟು. ಎಳೆಯೊಂದನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡು, ತಂತಿಯ ತೂಕವೂ ಹಗುರವೆನಿಸಿದರೆ ಅದು ಇದೇ.

ತುದಿಗಳಲ್ಲಿ 10–12 ಮಿ.ಮೀ. ಸಿಪ್ಪೆ ತೆಗೆದು ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಒಂದೇ ಎಳೆ ಹೊರಗೆ ಚಾಚಿ ಪಕ್ಕದ ಟರ್ಮಿನಲ್ ಮುಟ್ಟಿದರೂ ಆಂಪ್ ಪ್ರೊಟೆಕ್ಷನ್‌ಗೆ ಹೋಗಬಹುದು (ತನ್ನನ್ನು ಕಾಪಾಡಿಕೊಳ್ಳಲು ತಾನೇ ಸದ್ದು ನಿಲ್ಲಿಸುವುದು), ಅಥವಾ ಸುಟ್ಟೇ ಹೋಗಬಹುದು. ತಿರುಪಿನ ಕೆಳಗೆ ಹೋಗುವ ತುದಿಗೆ ಬೆಸುಗೆ ಹಚ್ಚಬೇಡಿ: ಒತ್ತಡಕ್ಕೆ ಬೆಸುಗೆ ನಿಧಾನವಾಗಿ ಚಪ್ಪಟೆಯಾಗಿ ಸಂಪರ್ಕ ಸಡಿಲಾಗುತ್ತದೆ. ಬರಿ ತಾಮ್ರವೂ ಕೆಲವು ವಾರಗಳಲ್ಲಿ ಸ್ವಲ್ಪ ಅದುಮಿಕೊಳ್ಳುವುದರಿಂದ ಆಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಬಣ್ಣ ಕಪ್ಪಾಗಿದ್ದರೆ ಆ ತುದಿ ಕತ್ತರಿಸಿ ಹೊಸದಾಗಿ ಸಿಪ್ಪೆ ತೆಗೆಯಿರಿ.