ಐದು ರೂಪಾಯಿಯ ಪೊಟ್ಟಣ

ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಇಂದಿಗೂ ಐದೇ ರೂಪಾಯಿ. ಎಣ್ಣೆ, ಬೇಳೆ, ಹಾಲು ಎಲ್ಲದರ ಬೆಲೆಯೂ ಏರಿರುವಾಗ ಇದೊಂದು ಮಾತ್ರ ನಿಂತಲ್ಲೇ ನಿಂತಿರುವುದು ಹೇಗೆ ಎಂಬುದಕ್ಕೆ ಉತ್ತರ ಹೊದಿಕೆಯ ಮೂಲೆಯಲ್ಲೇ, ಸಣ್ಣ ಅಕ್ಷರಗಳಲ್ಲಿದೆ: ಬೆಲೆ ಬದಲಾಗಿಲ್ಲ, ತೂಕ ಇಳಿದಿದೆ.

ಇದಕ್ಕೆ ಕಾರಣವನ್ನು ನಮ್ಮ ಸ್ವಭಾವದಲ್ಲಿಯೂ ಹುಡುಕಬೇಕು. ಐದು, ಹತ್ತು ಎಂಬವು ಒಂದೇ ನಾಣ್ಯದಲ್ಲಿ ತೀರುವ, ಚಿಲ್ಲರೆಯ ತಕರಾರಿಲ್ಲದ ಬೆಲೆಗಳು. ಐದು ಆರಾದರೆ ಮಗುವಿನ ಕೈಗೆ ನಾಣ್ಯ ಕೊಟ್ಟು ಕಳಿಸಿದ ತಾಯಿಗೆ ಕೂಡಲೇ ತಿಳಿಯುತ್ತದೆ, ಆದರೆ ಒಂದೆರಡು ಬಿಸ್ಕತ್ತು ಕಡಿಮೆಯಾದರೆ ಯಾರೂ ಎಣಿಸುವುದಿಲ್ಲ. ಸೊಪ್ಪಿನ ಕಟ್ಟು ಸಣ್ಣದಾಯಿತೆಂದು ಸಂತೆಯ ಅಜ್ಜಿಯೊಡನೆ ವಾದಿಸುವ ನಾವೇ ಮುದ್ರಿತ ಹೊದಿಕೆಯ ಮುಂದೆ ಮೌನವಾಗುತ್ತೇವೆ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ, ಏಕೆಂದರೆ ಆ ಚೌಕಾಸಿಯಲ್ಲಿ ಕಳೆದುಕೊಳ್ಳುವವಳು ದಿನದ ದುಡಿಮೆಯನ್ನೇ ನಂಬಿದವಳು.

ಬಿಸ್ಕತ್ತು, ಚಹಾಪುಡಿಯಂಥ ಹಲವು ಸರಕುಗಳ ಪೊಟ್ಟಣಕ್ಕೆ ಇಂತಿಷ್ಟೇ ತೂಕವೆಂದು ಗೊತ್ತುಪಡಿಸುವ ಪಟ್ಟಿಯೊಂದು ಕೇಂದ್ರ ಸರ್ಕಾರದ 2011ರ ಪೊಟ್ಟಣ ಸರಕುಗಳ ನಿಯಮಗಳಲ್ಲಿತ್ತು. 2021ರ ತಿದ್ದುಪಡಿ ಆ ಪಟ್ಟಿಯನ್ನು ಕೈಬಿಟ್ಟು, ಅದರ ಬದಲಿಗೆ ಗ್ರಾಂ ಅಥವಾ ಕಿಲೋ ಒಂದಕ್ಕೆ ಎಷ್ಟು ದರವೆಂಬುದನ್ನೂ ಮುದ್ರಿಸುವ ವ್ಯವಸ್ಥೆ ತಂದಿತು. ಒಳ್ಳೆಯ ಏರ್ಪಾಡೇ, ಓದುವವರಿದ್ದರೆ.

ಕಳೆದ ಕೆಲವು ತಿಂಗಳುಗಳಿಂದ ನಾನು ಆ ಸಾಲನ್ನು ಓದಿಯೇ ಸಾಮಾನು ಕೊಳ್ಳುತ್ತಿದ್ದೇನೆ. ಎಷ್ಟೋ ಸಲ ದೊಡ್ಡ ಪೊಟ್ಟಣವೇ ಗ್ರಾಮಿಗೆ ಅಗ್ಗವೆಂದು ತಿಳಿಯುತ್ತದೆ. ಆದರೆ ದಿನಗೂಲಿಯಲ್ಲಿ ಬದುಕುವ ನಮ್ಮ ನೆರೆಮನೆಯವರಿಗೆ ದೊಡ್ಡದನ್ನು ಕೊಳ್ಳುವಷ್ಟು ಹಣ ಒಮ್ಮೆಲೇ ಕೈಯಲ್ಲಿರುವುದಿಲ್ಲ.