ಅಸಲು ವಾಪಸ್ ತಗೊಂಡವರು ಯಾರಾದ್ರೂ ಇದ್ದಾರಾ?

ಮಂಡ್ಯದ ಒಂದು ಬ್ಯಾಂಕ್ ಬ್ರಾಂಚ್‌ನಲ್ಲಿ ಠೇವಣಿ ಕೌಂಟರ್ ನನ್ನದು. ಎಫ್‌ಡಿ ಇಡುವವರೂ ನನ್ನ ಹತ್ತಿರವೇ ಬರುತ್ತಾರೆ, ಅವಧಿಗೆ ಮೊದಲೇ ಮುರಿಸುವವರೂ ಬರುತ್ತಾರೆ. ಮುರಿಸುವವರ ಕಾರಣಗಳು ಸಾಮಾನ್ಯವಾಗಿ ಗೊತ್ತಿರುವಂಥವೇ. ಮಗಳ ಮದುವೆ, ಬೋರ್‌ವೆಲ್, ಆಸ್ಪತ್ರೆ, ಮಗನ ಕಾಲೇಜು ಫೀಸು. ಕೆಲವರು ಮಾತ್ರ "ಸುಮ್ನೆ ಬೇಕಿತ್ತು ಮೇಡಂ" ಅಂದು ಬಾಗಿಲ ಕಡೆ ನೋಡುತ್ತಾರೆ. ಅಲ್ಲಿ ಪ್ಲಾಸ್ಟಿಕ್ ಫೈಲ್ ಹಿಡಿದುಕೊಂಡು ಇನ್ನೊಬ್ಬರು ನಿಂತಿರುತ್ತಾರೆ. ತಿಂಗಳು ತಿಂಗಳು ಭಾರಿ ಬಡ್ಡಿ ಕೊಡ್ತೀವಿ ಅನ್ನುವ ಯಾವುದೋ ಸ್ಕೀಮಿಗೆ ಹಾಕಲು ದುಡ್ಡು ತೆಗೆಯುತ್ತಿದ್ದಾರೆ ಅಂತ ಅಲ್ಲಿಗೇ ಗೊತ್ತಾಗುತ್ತದೆ.

ಮುರಿಸಬೇಡಿ ಅನ್ನುವ ಅಧಿಕಾರ ನನಗಿಲ್ಲ. ದುಡ್ಡು ಅವರದು, ಕೇಳಿದರೆ ಕೊಡಲೇಬೇಕು. "ಅಷ್ಟು ಬಡ್ಡಿ ಯಾರೂ ಕೊಡಲ್ಲ, ಅದೆಲ್ಲ ಮೋಸ" ಅಂತ ಉಪದೇಶ ಮಾಡಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಠೇವಣಿ ಕೈತಪ್ಪುತ್ತಲ್ಲ ಅಂತ ಬ್ಯಾಂಕ್‌ನವರಿಗೆ ಹೊಟ್ಟೆಯುರಿ ಅಂದುಕೊಳ್ಳುತ್ತಾರೆ. ಪೂರ್ತಿ ಸುಳ್ಳೂ ಅಲ್ಲ ಬಿಡಿ, ನಮಗೂ ಟಾರ್ಗೆಟ್ ಅಂತ ಒಂದಿರುತ್ತದೆ. ಹಾಗಾಗಿ ಫಾರ್ಮ್ ಹುಡುಕುವ ನೆಪದಲ್ಲಿ ಎರಡು ಮಾತು ಕೇಳುತ್ತೇನೆ, ಅಷ್ಟೇ.

ಪೇಟೆಯ ಜನಕ್ಕೆ ಒಂದು ಆಶ್ಚರ್ಯ. ತಿಂಗಳಿಗೆ ಶೇ. 4 ಕೊಡ್ತೀವಿ ಅಂದರೆ ನಂಬುವವರು ಹೇಗಾದರೂ ಇರುತ್ತಾರೆ ಅಂತ. ನಮ್ಮ ಕಡೆ ಅದು ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ. ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ತಡವಾದಾಗ ರೈತರು ಕೈಸಾಲಕ್ಕೆ ಹೋಗುತ್ತಾರೆ. ಅಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಮೂರು ರೂಪಾಯಿ ಬಡ್ಡಿ ಮಾಮೂಲು. ಒಬ್ಬರು ನನ್ನನ್ನೇ ಕೇಳಿದ್ದರು, "ನಾನೇ ಮೂರ್ರೂಪಾಯ್ ಬಡ್ಡಿ ಕಟ್ಟಿವ್ನಿ ಮೇಡಂ, ಕಂಪ್ನಿಯೋರ್ಗೆ ನಾಕು ಕೊಡಕಾಗಕಿಲ್ವಾ?"

ನ್ಯಾಯವಾದ ಪ್ರಶ್ನೆಯೇ. ಆದರೆ ಕೈಸಾಲ ಕೊಡುವವನು ತನಗೆ ಗೊತ್ತಿರುವವನಿಗೆ ಕೊಡುತ್ತಾನೆ. ಒಡವೆಯೋ ಜಮೀನಿನ ಪತ್ರವೋ ಇಟ್ಟುಕೊಂಡಿರುತ್ತಾನೆ. ಐವತ್ತು ಸಾವಿರ, ಒಂದು ಲಕ್ಷದ ವ್ಯವಹಾರ, ಬೆಳೆ ಬರುವ ತನಕ. ಅದರಲ್ಲೂ ಒಂದೆರಡು ಮುಳುಗುತ್ತವೆ. ಕೋಟಿಗಟ್ಟಲೆ ದುಡ್ಡನ್ನು ವರ್ಷಪೂರ್ತಿ ಆ ದರದಲ್ಲಿ ದುಡಿಸಬೇಕು ಅಂದರೆ ಅಷ್ಟು ಬಡ್ಡಿ ಕಟ್ಟುವ ಸಾಲಗಾರರನ್ನು ಎಲ್ಲಿಂದ ತರುವುದು? ಇನ್ನೊಂದು ಮಾತೂ ಇದೆ. ನಿಜವಾಗಿ ಲಾಭ ಬರುವ ವ್ಯಾಪಾರ, ಕಾಗದಪತ್ರವೂ ಸರಿ ಇದೆ ಅಂದರೆ ಬ್ಯಾಂಕ್‌ಗಳೇ ವರ್ಷಕ್ಕೆ ಶೇ. 11–12ರ ಆಸುಪಾಸಿನಲ್ಲಿ ಸಾಲ ಕೊಡುತ್ತವೆ. ಅದನ್ನು ಬಿಟ್ಟು ನಿಮಗೆ ವರ್ಷಕ್ಕೆ 48 ಕೊಡೋಕೆ ಅವರು ಊರೂರು ತಿರುಗೋದು ಯಾಕೆ?

ಇಷ್ಟಾದರೂ "ಬರ್ತಾ ಐತಲ್ಲ ಮೇಡಂ" ಅನ್ನುವ ಮಾತಿನ ಮುಂದೆ ಯಾವ ತರ್ಕವೂ ನಿಲ್ಲುವುದಿಲ್ಲ. ಪಕ್ಕದ ಮನೆಯವರಿಗೆ ಬರುತ್ತಿದೆ, ಷಡ್ಡಕನಿಗೆ ಬರುತ್ತಿದೆ. ಅದಕ್ಕೆ ನಾನು ಚಲನ್ ಹಿಂದೆ ಒಂದು ಸಣ್ಣ ಲೆಕ್ಕ ಬರೆದು ತೋರಿಸುತ್ತೇನೆ. ನೀವು 1 ಲಕ್ಷ ಕೊಟ್ಟಿರಿ. ತಿಂಗಳಿಗೆ 4 ಸಾವಿರ ಬಂತು. ಆ ಕಂಪನಿ ಯಾವ ವ್ಯಾಪಾರವನ್ನೂ ಮಾಡದೆ, ನಿಮ್ಮ ಲಕ್ಷವನ್ನು ಬೀರುವಿನಲ್ಲಿಟ್ಟು ಅದರಿಂದಲೇ ತೆಗೆತೆಗೆದು ಕೊಟ್ಟರೂ 25 ತಿಂಗಳು ನಡೆಯುತ್ತದೆ. ಎರಡು ವರ್ಷದ ಮೇಲೆ ಒಂದು ತಿಂಗಳು. ಅಲ್ಲಿಯವರೆಗೆ ಬಂದದ್ದೆಲ್ಲ ನಿಮ್ಮ ದುಡ್ಡೇ ಇರಬಹುದು. ಹೊಸಬರು ಸೇರುತ್ತಲೇ ಇದ್ದರೆ ಇನ್ನೂ ಎಷ್ಟೋ ವರ್ಷ ಎಳೆಯಬಹುದು. ಅಂದಮೇಲೆ ಬಡ್ಡಿ ಬರ್ತಿದೆ ಅನ್ನುವುದರಿಂದ ಏನೂ ತಿಳಿಯುವುದಿಲ್ಲ.

ಆಮೇಲೆ ಕೇಳುವುದು ಒಂದೇ ಪ್ರಶ್ನೆ. "ಬಡ್ಡಿ ಬಂದವರು ಇರಲಿ. ಅಸಲು ಪೂರ್ತಿ ವಾಪಸ್ ತಗೊಂಡು ಹೊರಗೆ ಬಂದವರು ಯಾರಾದ್ರೂ ಇದ್ದಾರಾ? ಒಬ್ಬರನ್ನ ತೋರಿಸ್ತಾರಾ ಕೇಳಿ ನೋಡಿ."

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಈ ಪ್ರಶ್ನೆ ಹೊತ್ತು ಬಾಗಿಲಲ್ಲಿ ನಿಂತಿದ್ದ ಭಾವಮೈದನ ತನಕ ಹೋಗಿ ಬಂದರು. "ಯಾರೂ ತಗೊಂಡಿಲ್ವಂತೆ. ಇಷ್ಟು ಬಡ್ಡಿ ಬರೋವಾಗ ಅಸಲು ಯಾರು ಕೇಳ್ತಾರೆ ಅಂದ" ಅಂತ ನಗುತ್ತಾ ಹೇಳಿದರು. ಹೇಳುತ್ತಾ ಹೇಳುತ್ತಾ ನಗು ನಿಂತಿತು. ಅವರದು ಎರಡು ಎಫ್‌ಡಿ ಇತ್ತು. ಒಂದನ್ನು ಮುರಿಸಿದರು, ಇನ್ನೊಂದನ್ನು ಬಿಟ್ಟರು. ಭಾವಮೈದನ ಮಾತು ತೆಗೆದುಹಾಕಲು ಅವರಿಗೆ ಆಗಲಿಲ್ಲ. ಆ ಸ್ಕೀಮಿನ ಆಫೀಸಿಗೆ ಆಮೇಲೆ ಬೀಗ ಬಿತ್ತು.

ವರ್ಷಗಟ್ಟಲೆ ಸರಿಯಾಗಿ ಬಂದರೆ ನಂಬಬಹುದಲ್ವಾ ಅನ್ನುವವರಿಗೆ ಬೆಂಗಳೂರಿನ ಐಎಂಎ ಅನ್ನುವ ಹೂಡಿಕೆ ಕಂಪನಿಯನ್ನು ನೆನಪಿಸುತ್ತೇನೆ. ಚಿನ್ನದಂಗಡಿ ಕಣ್ಣಿಗೆ ಕಾಣುತ್ತಿತ್ತು, ಜನಕ್ಕೆ ವರ್ಷಗಳ ಕಾಲ ತಿಂಗಳು ತಿಂಗಳು ಲಾಭಾಂಶ ಬಂದಿತ್ತು. 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿ, ಮಾಲೀಕ ದುಬೈಗೆ ಹಾರಿದ. ಇನ್ನು ಜನರ ದುಡ್ಡು ಹೂಡಿಕೆ ಮಾಡ್ತೀನಿ ಅಂದು ಮೋಸ ಮಾಡಿದ ಅಮೆರಿಕದ ಬರ್ನಿ ಮೇಡಾಫ್ ಕಥೆ ಬೇರೆಯೇ ತರಹದ್ದು. ಅವನು ಜಾಸ್ತಿ ಆಸೆಯನ್ನೂ ತೋರಿಸಲಿಲ್ಲ. ವರ್ಷಕ್ಕೆ ಶೇ. 10ರ ಆಜುಬಾಜು, ಆದರೆ ಮಾರುಕಟ್ಟೆ ಏರಲಿ ಇಳಿಯಲಿ ಅವನದು ಹೆಚ್ಚು ಅಲ್ಲಾಡುತ್ತಿರಲಿಲ್ಲ. 2008ರ ಡಿಸೆಂಬರ್‌ನಲ್ಲಿ ಸಿಕ್ಕಿಬೀಳುವ ತನಕ ದೊಡ್ಡ ದೊಡ್ಡವರೇ ಅವನನ್ನು ನಂಬಿದ್ದರು. ಆದ್ದರಿಂದ ಬರೀ ದರ ನೋಡಿದರೆ ಸಾಲದು. ಷೇರು, ಚಿನ್ನ, ರಿಯಲ್ ಎಸ್ಟೇಟ್‌ನಲ್ಲಿ ಹಾಕುತ್ತೇವೆ ಅಂದು ತಿಂಗಳೂ ಒಂದೇ ಮೊತ್ತ ಕೊಡುವವರ ಬಗ್ಗೆ ನನಗೆ ಇನ್ನೂ ಜಾಸ್ತಿ ಅನುಮಾನ. ಆಲೆಮನೆ ಇಟ್ಟವರನ್ನು ಕೇಳಿ, ಬೆಲ್ಲದ ರೇಟು ಒಂದು ಸೀಸನ್ನಿನಲ್ಲೇ ಎಷ್ಟು ಸಲ ಏರಿಳಿಯುತ್ತೆ ಅಂತ.

"ಮೊದ್ಲು ಹತ್ತು ಸಾವಿರ ಹಾಕಿ ನೋಡ್ತೀನಿ, ಬಂದ್ರೆ ಮುಂದೆ" ಅನ್ನುವವರು ತಾವು ಜಾಣರು ಅಂದುಕೊಂಡಿರುತ್ತಾರೆ. ಹತ್ತು ಸಾವಿರ ಬಂದೇ ಬರುತ್ತದೆ. ಅದು ಬರುವುದೇ ಮುಂದಿನ ಐದು ಲಕ್ಷಕ್ಕಾಗಿ. ಮೊಬೈಲ್‌ನಲ್ಲಿ ಟ್ರೇಡಿಂಗ್ ಆಪ್ ಹಾಕಿಸುವವರದ್ದೂ ಇದೇ ಕೆಲಸ. ಮೊದಲು ಸಣ್ಣ ಮೊತ್ತ ವಾಪಸ್ ತೆಗೆಯಲು ಬಿಡುತ್ತಾರೆ. ದೊಡ್ಡದು ತೆಗೆಯಲು ಹೋದಾಗ "ಮೊದಲು ಟ್ಯಾಕ್ಸ್ ಕಟ್ಟಿ" ಅಂತಾರೆ.

ನನ್ನ ಕೆಲಸದಿಂದ ಕಲಿತ ಇನ್ನೊಂದು ವಿಷಯ ಪಾಸ್‌ಬುಕ್‌ನದು. ಹಣ ಹಾಕಿದವರು ಹೆಮ್ಮೆಯಿಂದ ಪಾಸ್‌ಬುಕ್ ತೋರಿಸುತ್ತಾರೆ. ನಾನು ಮೊತ್ತ ನೋಡುವ ಮೊದಲು ಅದರ ಪಕ್ಕದ ಹೆಸರು ನೋಡುತ್ತೇನೆ. ಫೈಲ್‌ನಲ್ಲಿ ದೊಡ್ಡ ಕಂಪನಿಯ ಹೆಸರಿರುತ್ತದೆ. ಪಾಸ್‌ಬುಕ್‌ನಲ್ಲಿ ಒಂದು ತಿಂಗಳು ಯಾರೋ ಒಬ್ಬರ ಹೆಸರಿನಿಂದ ಬಂದಿರುತ್ತದೆ, ಮುಂದಿನ ತಿಂಗಳು ಇನ್ಯಾರದೋ ಯುಪಿಐ, ಅದರ ಮುಂದಿನ ತಿಂಗಳು ನಗದು ಜಮಾ. ವ್ಯಾಪಾರ ಮಾಡಿ ಬಡ್ಡಿ ಕೊಡುವ ಕಂಪನಿಗೆ ತನ್ನದೇ ಖಾತೆ ಇರಬೇಕಲ್ಲ? ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ, ಅದನ್ನೂ ಹಿಡಿದಿರುವುದಿಲ್ಲ. ನಾವು ಟಿಡಿಎಸ್ ಹಿಡಿದರೆ ಕೌಂಟರ್‌ನಲ್ಲಿ ಜಗಳವೇ ಆಗುತ್ತದೆ, ಅಲ್ಲಿ ಹಿಡಿಯದಿದ್ದರೆ "ಎಷ್ಟು ಒಳ್ಳೇವ್ರು" ಅಂತ ಖುಷಿ. ಟಿಡಿಎಸ್ ಹಿಡಿದರೆ ಆ ವ್ಯವಹಾರ ಸರ್ಕಾರದ ಲೆಕ್ಕಕ್ಕೆ ಬರುತ್ತದೆ. ಅದು ಬೇಡ ಅನ್ನುವವರು ಹಿಡಿಯುವುದಿಲ್ಲ.

ಇನ್ನು ಆ ಫೈಲ್. ಬಿಡಿಸಿ ನೋಡಿದರೆ ಗಾಬರಿಯಾಗುವಷ್ಟು ಸರ್ಟಿಫಿಕೇಟ್‌ಗಳು. ಕಂಪನಿ ನೋಂದಣಿ ಪತ್ರ ಇರುತ್ತದೆ. ಅದು ಹೇಳುವುದು ಇಂಥ ಹೆಸರಿನ ಕಂಪನಿ ಹುಟ್ಟಿದೆ ಅಂತ ಮಾತ್ರ. ಜಿಎಸ್‌ಟಿ ನಂಬರ್ ಇರುತ್ತದೆ, ಅದು ತೆರಿಗೆಗಾಗಿ. ಸಣ್ಣ ಉದ್ದಿಮೆಗಳಿಗೆ ಕೊಡುವ ಉದ್ಯಮ್ ಸರ್ಟಿಫಿಕೇಟ್ ಇರುತ್ತದೆ. ಅದನ್ನು ಯಾರು ಬೇಕಾದರೂ ತಮ್ಮ ವಿವರ ತಾವೇ ತುಂಬಿ, ಪೈಸೆ ಖರ್ಚಿಲ್ಲದೆ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬಹುದು. ಒಬ್ಬ ರಾಜಕಾರಣಿಯ ಜೊತೆ ಶಾಲು ಹೊದ್ದ ಫೋಟೋ ಅಂತೂ ಇದ್ದೇ ಇರುತ್ತದೆ. ಇಷ್ಟರಲ್ಲಿ ಯಾವುದೂ ಜನರಿಂದ ಠೇವಣಿ ತೆಗೆದುಕೊಳ್ಳಲು ಕೊಟ್ಟ ಅನುಮತಿ ಅಲ್ಲ. ಫೈನಾನ್ಸ್ ಕಂಪನಿಗಳಿಗೆ ಆ ಅನುಮತಿ ಕೊಡುವುದು ರಿಸರ್ವ್ ಬ್ಯಾಂಕ್. ಅದರ ಬಳಿ ನೋಂದಣಿಯಾದ ಕಂಪನಿಗಳೆಲ್ಲ ಠೇವಣಿ ತೆಗೆದುಕೊಳ್ಳುವಂತಿಲ್ಲ, ಕೆಲವಕ್ಕೆ ಮಾತ್ರ ಅವಕಾಶ. ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲ್‌ನಲ್ಲಿ ಹೆಸರು ಹುಡುಕಿ ನೋಡಬಹುದು, ದೂರನ್ನೂ ಕೊಡಬಹುದು. ಷೇರು ಮಾರುಕಟ್ಟೆಯ ಮಾತಾದರೆ ಆ ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯ ನೋಂದಣಿ ನೋಡಬೇಕು. ನೋಂದಣಿ ಇರುವ ಸಲಹೆಗಾರರು 'ಇಷ್ಟು ಬಂದೇ ಬರುತ್ತೆ' ಅಂತ ಭರವಸೆ ಕೊಡುವಂತೆಯೇ ಇಲ್ಲ.

ಜನ ಎಲ್ಲಕ್ಕಿಂತ ಜಾಸ್ತಿ ನಂಬುವುದು ಬಾಂಡ್ ಪೇಪರ್ ಮತ್ತು ಚೆಕ್. ಛಾಪಾ ಕಾಗದದ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು. ನೋಟರಿ ಸೀಲು ಇದ್ದರೆ ಸಹಿ ಹಾಕಿದವರು ಇವರೇ ಅನ್ನುವುದಕ್ಕೆ ಗುರುತು, ವ್ಯಾಪಾರಕ್ಕೆ ಜಾಮೀನಲ್ಲ. ಒಮ್ಮೆ ಪೂರ್ತಿ ಓದಿ ನೋಡಿ. ಬಾಯಲ್ಲಿ ಹೇಳಿದ ನಾಲ್ಕು ರೂಪಾಯಿ ಬಡ್ಡಿ ಎಷ್ಟೋ ಸಲ ಅದರಲ್ಲಿ ಇರುವುದೇ ಇಲ್ಲ. ಕೈಸಾಲ ಅಂತಲೋ ಪಾಲುದಾರಿಕೆ ಅಂತಲೋ ಬರೆದಿರುತ್ತಾರೆ. ಮುಂದಿನ ತಾರೀಖಿನ ಚೆಕ್ ಕೂಡ ಅಷ್ಟೇ. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಚೆಕ್ ಬೌನ್ಸ್ ಕೇಸ್ ಹಾಕಿ ಕೋರ್ಟಿಗೆ ಅಲೆಯಬೇಕು.

ಹಾಗಂತ ಜಾಸ್ತಿ ಬಡ್ಡಿಯೆಲ್ಲ ಮೋಸ ಅಂತ ಅಲ್ಲ. ಠೇವಣಿ ತೆಗೆದುಕೊಳ್ಳುವ ಫೈನಾನ್ಸ್ ಕಂಪನಿಗಳು ವರ್ಷಕ್ಕೆ ಶೇ. 12.5ಕ್ಕಿಂತ ಹೆಚ್ಚು ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ನೆನಪಿಡಿ, ವರ್ಷಕ್ಕೆ. ಅಂಚೆ ಕಚೇರಿಯ ಕಿಸಾನ್ ವಿಕಾಸ್ ಪತ್ರದ ದರ 2023ರ ಏಪ್ರಿಲ್‌ನಲ್ಲಿ ಶೇ. 7.5 ಆದಾಗ ದುಡ್ಡು ಡಬಲ್ ಆಗಲು ಬೇಕಿದ್ದದ್ದು 115 ತಿಂಗಳು. ಸರ್ಕಾರಕ್ಕೆ 115 ತಿಂಗಳು ಬೇಕಾದ ಕೆಲಸ ಇವರಿಗೆ 25 ತಿಂಗಳಲ್ಲಿ ಆಗುತ್ತದಂತೆ. ನಡುವೆ ಸೌಹಾರ್ದ ಸಹಕಾರಿ ಸಂಘಗಳಿವೆ. ನಮಗಿಂತ ಜಾಸ್ತಿ ಬಡ್ಡಿ ಕೊಡುತ್ತವೆ. ಅವು ಕಾನೂನಿನ ಪ್ರಕಾರವೇ ನಡೆಯುವಂಥವು, ಚೆನ್ನಾಗಿ ನಡೆಯುವವೂ ಇವೆ. ಆದರೆ ಬ್ಯಾಂಕ್ ಮುಳುಗಿದರೆ ಸಿಗುವ 5 ಲಕ್ಷದವರೆಗಿನ ಠೇವಣಿ ವಿಮೆ ಅವಕ್ಕಿಲ್ಲ. ಇದನ್ನು ಹೇಳಿದಾಗ ತುಂಬಾ ಜನ ಬೆಚ್ಚಿ ಬೀಳುತ್ತಾರೆ, ಬೋರ್ಡ್ ನೋಡಿ ಅದೂ ಬ್ಯಾಂಕೇ ಅಂದುಕೊಂಡಿರುತ್ತಾರೆ. ಅಲ್ಲಿ ಇಡುವುದಾದರೆ ಆಡಿಟ್ ವರದಿ ಕೇಳಿ ನೋಡಿ, ಇರುವುದನ್ನೆಲ್ಲ ಒಂದೇ ಕಡೆ ಇಡಬೇಡಿ.

ಬಾಗಿಲ ಹತ್ತಿರ ನಿಂತವರ ಬಗ್ಗೆಯೂ ಹೇಳಬೇಕು. ಅವರು ಹೊರಗಿನ ಕಳ್ಳರಲ್ಲ. ಡೈರಿ ಸೆಕ್ರೆಟರಿ, ಸಂಘದ ಅಕ್ಕ, ನಿವೃತ್ತ ನೌಕರ, ಸ್ವಂತ ಭಾವ. ಬಹಳ ಸಲ ಅವರದ್ದೂ ದುಡ್ಡು ಅಲ್ಲೇ ಇರುತ್ತದೆ. ಕಮಿಷನ್ ಆಸೆಯೂ ಇದೆ, ನಂಬಿಕೆಯೂ ಇದೆ. ಅವರನ್ನೂ ಒಳಗೆ ಕರೆದು ಕೂರಿಸಿ ಒಂದು ಮಾತು ಹೇಳುತ್ತೇನೆ. ಅನುಮತಿ ಇಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸಿ 2019ರಲ್ಲಿ ಕೇಂದ್ರದ ಕಾನೂನು ಬಂದಿದೆ. ದುಡ್ಡು ತೆಗೆದುಕೊಂಡವರಿಗಷ್ಟೇ ಅಲ್ಲ, ಹಾಕಿ ಅಂತ ಜನರನ್ನು ಕರೆತಂದವರಿಗೂ ಅದರಲ್ಲಿ ಶಿಕ್ಷೆ ಇದೆ. ಕರೆತಂದವರಿಗೆ 1ರಿಂದ 5 ವರ್ಷ ಜೈಲು, ಕನಿಷ್ಠ 2 ಲಕ್ಷ ದಂಡ. ಇದನ್ನು ಕೇಳಿ ಫೈಲ್ ಮಡಚಿಕೊಂಡು ಹೋದವರಿದ್ದಾರೆ.

ದುಡ್ಡು ನಿಜವಾಗಿಯೂ ಬೇಕಿದ್ದರೆ ಎಫ್‌ಡಿ ಮುರಿಸುವ ಬದಲು ಅದರ ಮೇಲೆ ಸಾಲ ತೆಗೆಯಬಹುದು ಅಂತ ಹೇಳುತ್ತೇನೆ. ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಅಷ್ಟೇ. ಮದುವೆಗೆ, ಆಸ್ಪತ್ರೆಗೆ ಬಂದವರು ಇದಕ್ಕೆ ಒಪ್ಪುತ್ತಾರೆ. ಸ್ಕೀಮಿಗೆ ಹಾಕಲು ಬಂದವರು ಮಾತ್ರ "ಸಾಲ ಮಾಡಿ ಯಾಕೆ ಹಾಕಲಿ" ಅಂತಾರೆ. ಸಾಲದ ದುಡ್ಡಿಗೆ ಇರುವ ಭಯ ಸ್ವಂತ ದುಡ್ಡಿಗೆ ಯಾಕಿಲ್ಲವೋ ಗೊತ್ತಿಲ್ಲ.

ಈಗಾಗಲೇ ಹಾಕಿದ್ದರೆ ಬಡ್ಡಿ ನಿಲ್ಲುವ ತನಕ ಕಾಯಬೇಡಿ, ಅಸಲು ಈಗಲೇ ಕೇಳಿ. "ಲಾಕಿನ್ ಇದೆ, ಇಷ್ಟು ದಿನ ತೆಗೆಯೋ ಹಾಗಿಲ್ಲ", "ಇನ್ನೊಬ್ಬರನ್ನ ಸೇರಿಸಿದ್ರೆ ಬೇಗ ಆಗುತ್ತೆ", "ಮುಂದಿನ ತಿಂಗಳು ಒಂದೂವರೆಯಷ್ಟು ಕೊಡ್ತೀವಿ" ಅಂತ ಉತ್ತರ ಬಂದರೆ ಬಾಂಡ್, ರಸೀದಿ, ವಾಟ್ಸಾಪ್ ಮೆಸೇಜು, ಪಾಸ್‌ಬುಕ್ ಪುಟ ಎಲ್ಲ ಜೋಡಿಸಿಕೊಳ್ಳಿ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ಆನ್‌ಲೈನ್‌ನಲ್ಲಿ ಹೋದ ದುಡ್ಡಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ. ಅದರಡಿ ಕಂಪನಿಯ ಆಸ್ತಿ ಜಪ್ತಿ ಮಾಡಿ ಹಂಚಬಹುದು, ನಿಧಾನ ಅಷ್ಟೇ. ಮರ್ಯಾದೆಗೆ ಅಂಜಿ ದೂರು ಕೊಡದೆ ಸುಮ್ಮನಿದ್ದವರ ಹೆಸರು ಆ ಹಂಚಿಕೆಯ ಪಟ್ಟಿಯಲ್ಲಿ ಇರುವುದಿಲ್ಲ.

ಸ್ವಲ್ಪ ದಿನದ ಮೇಲೆ "ನಿಮ್ಮ ದುಡ್ಡು ಕೊಡಿಸ್ತೀವಿ, ಮೊದಲು ಪ್ರೊಸೆಸಿಂಗ್ ಫೀಸ್ ಹಾಕಿ" ಅಂತ ಯಾರಾದರೂ ಫೋನ್ ಮಾಡಿದರೆ ಹಾಕಬೇಡಿ. ನೀವು ಎಷ್ಟು ಕಳೆದುಕೊಂಡಿದ್ದೀರಿ ಅಂತ ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿ.