ಓಟಕ್ಕೆ ಇನ್ನೊಂದು ವಾರ
20 ಜುಲೈ 2025, ಭಾನುವಾರ, ಮೈಸೂರು

ಜುಲೈ 30 ಮಾನವ ಕಳ್ಳಸಾಗಣೆ ವಿರೋಧಿ ದಿನ. 2013ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು. ಈ ಸಲ ಬುಧವಾರ ಬಿದ್ದಿರುವುದರಿಂದ ಜಾಗೃತಿ ಓಟ 27ರ ಭಾನುವಾರಕ್ಕೆ. 5 ಕಿ.ಮೀ., ಐನೂರು ಜನ.

ಇವತ್ತು ಮಾರ್ಗ ಅಳೆದಾಯಿತು. ಫೋನಿನ ಜಿಪಿಎಸ್ ನಂಬುವಂತಿಲ್ಲ. ಸಾಲುಮರಗಳ ಕೆಳಗೆ ಅದು ನೇರ ರಸ್ತೆಯನ್ನೂ ಅಂಕುಡೊಂಕು ಮಾಡಿ ದೂರ ಹೆಚ್ಚಿಸಿ ತೋರಿಸುತ್ತದೆ, ಓಟ ಗೊತ್ತಿಲ್ಲದೆ ಮೋಟಾಗುತ್ತದೆ. ಸೈಕಲ್ ಚಕ್ರದ ಸುತ್ತು ಎಣಿಸುವುದೇ ವಾಸಿ. ಟೇಪಿನಲ್ಲಿ ಅಳೆದ 300 ಮೀಟರ್ ನೇರ ರಸ್ತೆಯ ಮೇಲೆ ನಾಲ್ಕು ಸಲ ಓಡಿಸಿ ಒಂದು ಸುತ್ತಿಗೆ ಎಷ್ಟು ದೂರ ಎಂದು ಕಂಡುಕೊಳ್ಳಬೇಕು. ಆಮೇಲೆ ತಿರುವಿನಲ್ಲಿ ಅಂಚಿನಿಂದ 30 ಸೆಂ.ಮೀ. ಬಿಟ್ಟು, ಓಟಗಾರ ಹಿಡಿಯುವ ಹತ್ತಿರದ ದಾರಿಯಲ್ಲೇ ಸೈಕಲ್ ಹೋಗಬೇಕು. ಕೊನೆಯಲ್ಲಿ, ದಾರಿ ಮೋಟಾಗದಿರಲೆಂದು, ಸಾವಿರಕ್ಕೊಂದರ ಲೆಕ್ಕದಲ್ಲಿ 5 ಮೀಟರ್ ಸೇರಿಸುವುದು. ಬಿಸಿಲೇರಿದರೆ ಟೈರಿನ ಗಾಳಿ ಹಿಗ್ಗಿ ಸುತ್ತಿನ ದೂರ ಬದಲಾಗುತ್ತದೆ, ಅದಕ್ಕೇ ಅಳತೆ ಮುಗಿದ ಮೇಲೂ ಆ 300 ಮೀಟರನ್ನು ಮತ್ತೆ ಓಡಿಸಿ ನೋಡಬೇಕು.

ಕುಕ್ಕರಹಳ್ಳಿ ಕೆರೆ ಏರಿ ಚೆಂದವೇ, ಆದರೆ ಅಲ್ಲಿ ಓಟ ನೋಡುವವರು ವಾಕಿಂಗಿಗೆ ಬಂದವರಷ್ಟೇ. ಈ ಓಟ ಓಡುವವರಿಗಲ್ಲ, ನಿಂತು ನೋಡುವವರಿಗೆ. ಹಾಗಾಗಿ ಓವಲ್ ಮೈದಾನದಿಂದ ಹೊರಟು ರೈಲ್ವೆ ನಿಲ್ದಾಣದ ಕಡೆ ಹಾಯುವ ದಾರಿಯೇ ಸರಿ. ರಾತ್ರಿ ರೈಲಿನಿಂದ ಇಳಿದವರು, ಆಟೋದವರು, ಚಹಾ ಅಂಗಡಿಯವರು, ಕೂಲಿಗಳು ಆ ಹೊತ್ತಿಗೆ ಅಲ್ಲಿರುತ್ತಾರೆ. ಊರಿಗೆ ಹೊಸದಾಗಿ ಬಂದ ಮಗುವೊಂದು ಅಪರಿಚಿತನ ಹಿಂದೆ ಹೋಗುವುದು ಮೊದಲು ಕಣ್ಣಿಗೆ ಬೀಳುವುದು ಇವರಿಗೇ. ಇರ್ವಿನ್ ರಸ್ತೆಗೆ ಮಾತ್ರ ನುಗ್ಗಬಾರದು, ಕೆ.ಆರ್. ಆಸ್ಪತ್ರೆಯ ಆಂಬ್ಯುಲೆನ್ಸಿಗೆ ದಾರಿ ಬೇಕು.

ಟೀ ಶರ್ಟಿನ ಎದೆಯ ಮೇಲೆ ಏನು ಬರೆದರೂ ದಂಡ, ಓಟಗಾರರ ನಂಬರಿನ ಹಾಳೆ, ಅಂದರೆ ಬಿಬ್, ಬಂದು ಮುಚ್ಚುತ್ತದೆ. ಬರೆಯಬೇಕಾದದ್ದು ಬೆನ್ನಿಗೆ: ಮಕ್ಕಳ ಸಹಾಯವಾಣಿ 1098, ತುರ್ತು ಕರೆಯ 112. ಅಂಕಿ ಕನಿಷ್ಠ 10 ಸೆಂ.ಮೀ. ಎತ್ತರ, ತಿಳಿ ಬಟ್ಟೆಯ ಮೇಲೆ ಗಾಢ ಬಣ್ಣ. ಪ್ರಾಯೋಜಕರ ಲೋಗೋ ತೋಳಿಗೆ ಹೋಗಲಿ. ಸರಪಳಿ ಬಿಗಿದ ಕೈ, ಬಾಯಿಗೆ ಪಟ್ಟಿ ಅಂಟಿಸಿದ ಹುಡುಗಿಯ ಚಿತ್ರ ಬೇಡವೇ ಬೇಡ. ಅದನ್ನು ನೋಡಿದವರು ಸರಪಳಿಯನ್ನೇ ಹುಡುಕುತ್ತಾರೆ. ನಿಜದಲ್ಲಿ ಕರೆದೊಯ್ಯುವವರು ಎಷ್ಟೋ ಸಲ ಗೊತ್ತಿದ್ದವರೇ: "ಬೆಂಗಳೂರಲ್ಲಿ ಕೆಲಸ ಕೊಡಿಸ್ತೀನಿ", "ವರದಕ್ಷಿಣೆ ಬೇಡ, ಮದುವೆ ಖರ್ಚೂ ಗಂಡಿನ ಕಡೆಯವರದೇ". ಇಟ್ಟಿಗೆ ಗೂಡಿನಲ್ಲೋ ಕಬ್ಬು ಕಟಾವಿನಲ್ಲೋ ಮುಂಗಡ ಕೊಟ್ಟು, ಅದು ತೀರುವ ತನಕ ಊರಿಗೆ ಬಿಡದಿದ್ದರೆ ಅದೂ 1976ರ ಕಾಯಿದೆಯ ಪ್ರಕಾರ ಜೀತವೇ. "ಅವರೇ ಒಪ್ಪಿ ಬಂದಿದ್ದು" ಎಂಬ ಮಾತು ಕಳ್ಳಸಾಗಣೆ ಕೇಸಿನಲ್ಲಿ ನಿಲ್ಲುವುದಿಲ್ಲ: ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಸಂತ್ರಸ್ತರ ಒಪ್ಪಿಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಗುವಿನ ವಿಷಯದಲ್ಲಿ ಶಿಕ್ಷೆ 10 ವರ್ಷದಿಂದ ಜೀವಾವಧಿಯವರೆಗೆ. ಚಹಾ ಅಂಗಡಿಗಳಿಗೆ ಹಂಚುವ ಚೀಟಿಯಲ್ಲಿ ಕಾನೂನಿಗಿಂತ ಮುಖ್ಯವಾದದ್ದು, ಫೋನಿನಲ್ಲಿ ಏನು ಹೇಳಬೇಕು ಎಂಬುದು: ಜಾಗ, ಹೊತ್ತು, ಎಷ್ಟು ಮಕ್ಕಳು, ಜೊತೆಗಿದ್ದವರ ಬಟ್ಟೆ, ಗಾಡಿ ನಂಬರು, ಯಾವ ಕಡೆ ಹೋದರು. ತಾವೇ ಅಡ್ಡಹಾಕಿ ಜಗಳಕ್ಕೆ ನಿಂತರೆ ಕರೆದೊಯ್ಯುತ್ತಿದ್ದವನು ಜಾಗ ಖಾಲಿ ಮಾಡುತ್ತಾನೆ, ಮಗುವೂ ಅವನ ಜೊತೆ ಹೋಗುತ್ತದೆ. ರೈಲಿನೊಳಗಾದರೆ ರೈಲ್ವೆ ಸಹಾಯವಾಣಿ 139.

ಇಂಥ ಓಟಗಳು ಹೆಚ್ಚು ಎಡವುವುದು ಗುರುತಿನ ವಿಷಯದಲ್ಲಿ. ಬಾಲಮಂದಿರದ ಮಕ್ಕಳನ್ನು ಒಂದೇ ಬಣ್ಣದ ಅಂಗಿ ತೊಡಿಸಿ, ಸಂಸ್ಥೆಯ ಬ್ಯಾನರ್ ಹಿಡಿಸಿ ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಾರೆ, ಮರುದಿನ ಪತ್ರಿಕೆಯಲ್ಲಿ ಫೋಟೋ. ಬಾಲನ್ಯಾಯ ಕಾಯಿದೆಯ 74ನೇ ಕಲಂ ಇದನ್ನೇ ಬೇಡ ಎನ್ನುವುದು. ಹೆಸರು, ಶಾಲೆ, ಚಿತ್ರ ಯಾವುದೂ ಹೊರಗೆ ಬರಕೂಡದು. ಮಕ್ಕಳು ಓಡಲಿ, ಆದರೆ ಎಲ್ಲರ ಅಂಗಿಯಲ್ಲೇ, ಗುಂಪಿನಲ್ಲಿ ಬೆರೆತು. ಯಾರಿಗೂ ಹೊಳೆಯದ ಇನ್ನೊಂದು ಕಿಂಡಿ, ಓಟದ ಸಮಯ ತಾನೇ ದಾಖಲಿಸುವ ಟೈಮಿಂಗ್ ಚಿಪ್. ಫಲಿತಾಂಶ ಹೆಸರು, ವಯಸ್ಸು, ಊರು ಸಮೇತ ಅಂತರ್ಜಾಲಕ್ಕೆ ಹೋಗುತ್ತದೆ, ಹುಡುಕುವವನಿಗೆ ಅಷ್ಟು ಸಾಕು. ಚಿಪ್ ಬೇಡ, ಬಿಬ್ ನಂಬರು, ಸಮಯ ಎರಡೇ ಸಾಕು. ಬದುಕಿ ಬಂದ ಹೆಣ್ಣುಮಗಳನ್ನು ವೇದಿಕೆಗೆ ಕರೆದು ಕಥೆ ಹೇಳಿಸುವ ಚಟವನ್ನೂ ಬಿಡಬೇಕು. ಕಳ್ಳಸಾಗಣೆಗೆ ಸಿಕ್ಕವರನ್ನು ಬಿಡಿಸಿ ನೋಡಿಕೊಳ್ಳುವ, ಹೂಟಗಳ್ಳಿಯ ಒಡನಾಡಿಯಂಥ ಸಂಸ್ಥೆ ಇರುವ ಊರಿದು, ಮಾತಿಗೆ ಅಲ್ಲಿನ ಕಾರ್ಯಕರ್ತರೇ ಸಾಕು.

ಓಟಕ್ಕೆ ಹೊರಡುವುದು 6.15ಕ್ಕೆ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧವಿದೆ. ಐದೂವರೆಗೇ ಜುಂಬಾ ಶುರುಮಾಡಿದರೆ ಅಕ್ಕಪಕ್ಕದವರು ಪೊಲೀಸರಿಗೆ ಫೋನ್ ಮಾಡುತ್ತಾರೆ, ಮಾಡಬೇಕಾದ್ದೇ. ಜುಲೈ ಜಡಿಮಳೆಗೆ ಸಾದಾ ಕಾಗದದ ಬಿಬ್ ಪಿನ್ನಿನ ತೂತಿನಲ್ಲೇ ಹರಿಯುತ್ತದೆ, ಹರಿಯದ ಹಾಳೆಯೇ ಬೇಕು. ತಲೆಗೆ ನಾಲ್ಕು ಪಿನ್ನು, ಒಟ್ಟು 2000, ಮೇಲೆ 200. ನೀರು ತಲೆಗೆ 150 ಮಿ.ಲೀ.ಯ ಎರಡು ಲೋಟ, ಅಂದರೆ 150 ಲೀಟರ್. 20 ಲೀಟರಿನ ಎಂಟು ಕ್ಯಾನ್ ಸಾಕೆನಿಸುತ್ತದೆ, ಚೆಲ್ಲುವುದನ್ನೂ ಸೇರಿಸಿ ಹನ್ನೆರಡು ಹೇಳಬೇಕು. ಮೇಜು ತಿರುವಿನಲ್ಲೇ ಇಟ್ಟರೆ ಗುದ್ದಾಟ, 30 ಮೀಟರ್ ದಾಟಿದ ಮೇಲೆ ಇಡುವುದು. ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ, ಬಟ್ಟೆ ಬ್ಯಾನರೇ.

ದುಡ್ಡಿನ ಮಾತು. ಅಂಗಿ, ತಿಂಡಿ ಕೊಟ್ಟು ಪಡೆದ ಪ್ರವೇಶ ಶುಲ್ಕ ದೇಣಿಗೆಯಲ್ಲ, ಅದಕ್ಕೆ ಆದಾಯ ತೆರಿಗೆ ವಿನಾಯಿತಿಯ 80ಜಿ ರಸೀತಿ ಬರೆಯುವಂತಿಲ್ಲ. ದೇಣಿಗೆಯ ಪುಸ್ತಕ ಬೇರೆಯೇ ಇರಲಿ. ನಗದು 2000 ರೂಪಾಯಿ ದಾಟಿದರೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗದು. ಅಮೆರಿಕದ ಪೌರತ್ವ ಪಡೆದ ನೆಂಟರು ರೂಪಾಯಿಯಲ್ಲೇ ಕಳಿಸಿದರೂ ಅದು ವಿದೇಶಿ ದೇಣಿಗೆ, ವಿದೇಶಿ ದೇಣಿಗೆ ಕಾಯಿದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಸಂಸ್ಥೆ ಮುಟ್ಟಕೂಡದು. ಪದಕ ಕೈಬಿಟ್ಟಾಗಿದೆ. ಆ ದುಡ್ಡು ಆಪ್ತಸಮಾಲೋಚಕರ ಸಂಬಳಕ್ಕೆ.

ನಾಳೆ ಟ್ರಾಫಿಕ್ ಪೊಲೀಸರಿಗೆ ಮಾರ್ಗದ ನಕ್ಷೆ ಕೊಡಬೇಕು. ತಿರುವಿಗಿಬ್ಬರಂತೆ ಸ್ವಯಂಸೇವಕರ ಪಟ್ಟಿಯೂ ಅದರ ಜೊತೆಗೇ.